ನಳಿಕೆಯ ಉದ್ದ, ಗುಂಡಿನ ವೇಗ

ಬೀದರ ಕೋಟೆಯ ಮುಂಡಾ ಬುರುಜಿನ ತೋಪಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ಉದ್ದ. ಕಬ್ಬಿಣದ ಪಟ್ಟಿಗಳನ್ನು ಉದ್ದುದ್ದ ಜೋಡಿಸಿ, ಮೇಲೆ ಬಳೆ ತೊಡಿಸಿ ಬೆಸೆದ ನಳಿಕೆ ಅದು. ಅಷ್ಟೊಂದು ಲೋಹ, ಅಷ್ಟೊಂದು ಬೆವರು ಯಾಕೆ ಬೇಕಿತ್ತು ಎಂಬುದಕ್ಕೆ ಇರುವ ಉತ್ತರವೇ ಇಂದಿನ ಬೇಟೆ ಬಂದೂಕಿಗೂ ಸಲ್ಲುತ್ತದೆ.

ಹೊತ್ತಿಕೊಂಡ ಮದ್ದು ಕ್ಷಣದಲ್ಲಿ ಬಿಸಿ ಅನಿಲವಾಗಿ ಹಿಗ್ಗುತ್ತದೆ. 1657ರಲ್ಲಿ ಔರಂಗಜೇಬ ಬೀದರಕ್ಕೆ ಮುತ್ತಿಗೆ ಹಾಕಿದಾಗ ಬುರುಜಿನ ಹಿಂದಿದ್ದ ಮದ್ದಿನ ರಾಶಿಗೆ ಕಿಡಿ ತಗುಲಿತು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ತಡೆಯಿಲ್ಲದ ಮದ್ದು ಹೀಗೆ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಆ ಬಲವನ್ನು ಒಂದೇ ದಿಕ್ಕಿಗೆ ತಿರುಗಿಸುವುದು ನಳಿಕೆ. ಗುಂಡು ಅದರೊಳಗೆ ಇರುವ ತನಕ ಮಾತ್ರ ಅನಿಲ ಅದನ್ನು ನೂಕಬಲ್ಲದು. ಬಾಯಿ ದಾಟಿದ ಮೇಲೆ ವೇಗ ಕುಂದುತ್ತಲೇ ಹೋಗುತ್ತದೆ.

ಹಾಗಾದರೆ ಉದ್ದ ಎರಡರಷ್ಟಾದರೆ ವೇಗವೂ ಎರಡರಷ್ಟಾಗಬೇಕಲ್ಲ? ಆಗುವುದಿಲ್ಲ. ಇಂದಿನ ರೈಫಲ್ಲಿನ ಕಾಡತೂಸಿನಲ್ಲಿ ಒತ್ತಡ ಒಮ್ಮೆಲೇ ವಾತಾವರಣದ ಸುಮಾರು 4,000 ಪಟ್ಟು ಏರುತ್ತದೆ. ಗುಂಡು ಮುಂದೆ ಸರಿದಂತೆ ಅದರ ಹಿಂದಿನ ಜಾಗ ಹಿಗ್ಗಿ ಒತ್ತಡ ಬೇಗನೆ ಇಳಿಯುತ್ತದೆ. ಆದ್ದರಿಂದ ವೇಗದ ಬಹುಪಾಲು ಮೊದಲ ಗೇಣಿನಲ್ಲೇ ಸಿಗುತ್ತದೆ. ಆಮೇಲಿನ ಪ್ರತಿ ಅಂಗುಲ ಕೊಡುವುದು ಸ್ವಲ್ಪವೇ. ಮದ್ದು ತೀರಾ ಕಡಿಮೆಯಿರುವ .22 ಕಾಡತೂಸಿನಲ್ಲಂತೂ ಸುಮಾರು ಒಂದೂವರೆ ಅಡಿಯ ಆಚೆ ಉದ್ದದಿಂದ ಲಾಭವೇ ಇಲ್ಲ, ಗುಂಡು ಉಜ್ಜಿ ನಿಧಾನವಾಗುತ್ತದೆ.

ಜಿಂಕೆ ಬೇಟೆಗೆ ಹೆಸರಾದ .308 ವಿಂಚೆಸ್ಟರ್ ಕಾಡತೂಸನ್ನು ನೋಡಬಹುದು. 24 ಅಂಗುಲದ ನಳಿಕೆಯಿಂದ 9.7 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. ನಳಿಕೆಯನ್ನು ಒಂದೊಂದು ಅಂಗುಲ ಕತ್ತರಿಸಿದಂತೆ 6ರಿಂದ 8 ಮೀಟರ್ ಇಳಿಯುತ್ತದೆ. 16 ಅಂಗುಲಕ್ಕೆ ತಂದರೆ ಸುಮಾರು 800 ಉಳಿಯುತ್ತದೆ. ಉದ್ದದಲ್ಲಿ ಮೂರನೇ ಒಂದು ಭಾಗ ಹೋದರೂ ವೇಗದಲ್ಲಿ ಹೋದದ್ದು ನೂರಕ್ಕೆ ಏಳರಷ್ಟು. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದರ ನಷ್ಟ ಸುಮಾರು 13. ಬೇಟೆಯ ಗುಂಡು ತಾಗಿದ ಮೇಲೆ ಅಣಬೆಯಂತೆ ಅರಳಬೇಕು, ಅದಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 550 ಮೀಟರಿನಷ್ಟು ವೇಗ ಬೇಕು. ಗಿಡ್ಡ ನಳಿಕೆಯ ಗುಂಡು ಆ ಮಟ್ಟಕ್ಕೆ ಸುಮಾರು 70 ಮೀಟರ್ ಮೊದಲೇ ಇಳಿದಿರುತ್ತದೆ.

ನೂರು ಮೀಟರಿಗಿಂತ ಆಚೆ ಏನೂ ಕಾಣದ ದಟ್ಟ ಕಾಡಿನಲ್ಲಿ ಈ ನಷ್ಟ ಲೆಕ್ಕಕ್ಕಿಲ್ಲ. ಅಮೆರಿಕದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗಾರರು ಗಿಡ್ಡ ರೈಫಲ್ ಮೆಚ್ಚುವುದು ಅದಕ್ಕೇ: ಅದು ಹಗುರ, ಪೊದೆಗೆ ಸಿಕ್ಕಿಕೊಳ್ಳದು. ಅದಕ್ಕೆ ತೆರುವ ಬೆಲೆ ಕಿವಿಯದು. ಅನಿಲ ಇನ್ನೂ ಒತ್ತಡದಲ್ಲಿರುವಾಗಲೇ ಬಾಯಿಂದ ಹೊರನುಗ್ಗುವುದರಿಂದ ಸದ್ದೂ ಬೆಂಕಿಯ ಹೊಳಪೂ ಹೆಚ್ಚು. ಬುರುಜಿನ ಮೇಲೆ ಕೂತ ತೋಪಿಗೆ ಹೊರುವ ಚಿಂತೆಯಿಲ್ಲ, ಅದು ಎಷ್ಟು ಉದ್ದವಿದ್ದರೂ ನಡೆಯುತ್ತಿತ್ತು.

ಬೀದರ, ಔರಾದ, ಭಾಲ್ಕಿಯ ಸೀಮೆ ಕಾಡಲ್ಲ, ಬಯಲು. ಇಲ್ಲಿಯ ಕೃಷ್ಣಮೃಗ, ಉತ್ತರ ಕರ್ನಾಟಕದವರ ಬಾಯಲ್ಲಿ ಚಿಗರಿ, ದೂರದಿಂದಲೇ ಮನುಷ್ಯನನ್ನು ಕಂಡು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಗೆದು ಓಡಬಲ್ಲದು. 250 ಮೀಟರಿನಲ್ಲಿ ಉದ್ದ, ಗಿಡ್ಡ ನಳಿಕೆಗಳ ಗುಂಡು ತಲುಪುವ ಹೊತ್ತಿನ ವ್ಯತ್ಯಾಸದಲ್ಲೇ ಅದು ಮೊಳದುದ್ದ ಸರಿದಿರುತ್ತದೆ. ಈ ಲೆಕ್ಕ ಇಲ್ಲಿ ಪುಸ್ತಕಕ್ಕಷ್ಟೇ ಸೀಮಿತವಾಗಿರುವುದು ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಗರಿಯ ಹೆಸರಿದೆ. ಅದನ್ನು ಕೊಂದವರ ಬಂದೂಕಿನ ನಳಿಕೆ ಎಷ್ಟೇ ಉದ್ದವಿರಲಿ, ಮೂರರಿಂದ ಏಳು ವರ್ಷದ ಜೈಲು ಶಿಕ್ಷೆಯಿದೆ.