ಅಣ್ಣ ಪಾಲು ಮಾಡಲಿ, ತಮ್ಮ ಮೊದಲು ಆರಿಸಲಿ!

ಆಸ್ತಿ ಪಾಲಾಗುವಾಗ ಅಣ್ಣ–ತಮ್ಮಂದಿರ ನಡುವೆ ಮನಸ್ತಾಪ ಬರುವುದು ನಮ್ಮೂರಲ್ಲಿ ಹೊಸದೇನಲ್ಲ. ಜರ್ಮನಿಯಲ್ಲಿ ಸುಮಾರು 800 ವರ್ಷಗಳ ಹಿಂದೆಯೇ ಇದಕ್ಕೊಂದು ಸರಳ ದಾರಿ ಬರೆದಿಟ್ಟಿದ್ದರು: ಪಾಲು ಮಾಡುವುದು ಹಿರಿಯನ ಕೆಲಸ, ಆರಿಸಿಕೊಳ್ಳುವುದು ಕಿರಿಯನ ಹಕ್ಕು. ಇನ್ನು ಹಿರಿಯ ಮೋಸ ಮಾಡುವುದಾದರೂ ಹೇಗೆ?

ಈ ನಿಯಮ ಇರುವುದು ‘ಝಾಕ್ಸನ್‌ಶ್ಪೀಗಲ್’, ಅಂದರೆ ‘ಸ್ಯಾಕ್ಸನ್ನರ ಕನ್ನಡಿ’ ಎಂಬ ಕಾನೂನು ಗ್ರಂಥದಲ್ಲಿ. ಬಾಯಿಂದ ಬಾಯಿಗೆ ಬಂದ ಕಟ್ಟಳೆಗಳನ್ನು 1220–1235ರ ಸುಮಾರಿಗೆ ಐಕೆ ಫಾನ್ ರೆಪ್ಗೋ ಎಂಬಾತ ಲ್ಯಾಟಿನ್‌ನಲ್ಲಿ ಬರೆದ. ಬಳಿಕ ಕೌಂಟ್ ಹೋಯರ್ ಕೋರಿಕೆಯಂತೆ ಜನರಾಡುವ ಜರ್ಮನ್‌ಗೆ ತಂದ. ಖಾಲಿ ಗಾಡಿ ತುಂಬಿದ ಗಾಡಿಗೆ ದಾರಿ ಬಿಡಬೇಕು, ಗಿರಣಿಗೆ ಮೊದಲು ಬಂದವನ ಕಾಳು ಮೊದಲು ಬೀಸಬೇಕು ಎಂಬಂಥ ಮಾತುಗಳೂ ಇದರಲ್ಲಿವೆ. ಗಿರಣಿಯ ಮಾತಂತೂ ಜರ್ಮನ್ನರ ಬಾಯಲ್ಲಿ ಇಂದಿಗೂ ಗಾದೆಯಾಗಿ ಉಳಿದಿದೆ.

ಈ ಗ್ರಂಥದ ನಾಲ್ಕು ಸಚಿತ್ರ ಹಸ್ತಪ್ರತಿಗಳು ಉಳಿದಿವೆ. ಹೈಡಲ್‌ಬರ್ಗ್, ಓಲ್ಡನ್‌ಬುರ್ಗ್, ವೋಲ್ಫನ್‌ಬ್ಯೂಟಲ್ ಮತ್ತು ಡ್ರೆಸ್ಡೆನ್ ಪ್ರತಿಗಳು ಅವು. 14ನೇ ಶತಮಾನದ ಡ್ರೆಸ್ಡೆನ್ ಪ್ರತಿಯಲ್ಲಿ 924 ಚಿತ್ರಪಟ್ಟಿಗಳಿವೆ. ಒಬ್ಬನೇ ಹಲವು ಕೆಲಸ ಮಾಡುತ್ತಿದ್ದಾನೆಂದು ತೋರಿಸಲು ಅವನಿಗೆ ಎರಡಕ್ಕಿಂತ ಹೆಚ್ಚು ಕೈ ಬರೆದಿರುವುದನ್ನು ನೋಡಿದರೆ ನಮ್ಮ ದೇವರ ಪಟಗಳೇ ನೆನಪಾಗುತ್ತವೆ.

1902ರಲ್ಲಿ ವಿದ್ವಾಂಸ ಕಾರ್ಲ್ ಫಾನ್ ಅಮಿರಾ ಇದರ ಯಥಾಪ್ರತಿಯನ್ನು ಅಚ್ಚು ಹಾಕಿಸಿದರು. ಆ ಶ್ರಮದ ಬೆಲೆ ತಿಳಿದದ್ದು 1945ರಲ್ಲಿ. ಯುದ್ಧಕಾಲದಲ್ಲಿ ನೆಲಮಾಳಿಗೆಯಲ್ಲಿಟ್ಟಿದ್ದ ಮೂಲ ಪ್ರತಿಗೆ ನೀರು ನುಗ್ಗಿ, ಬಣ್ಣಗಳು ಕೆಟ್ಟುಹೋದವು. ಮೊದಲು ಚಿತ್ರಗಳು ಹೇಗಿದ್ದವೆಂದು ಹೇಳಲು ಆ ಅಚ್ಚುಪ್ರತಿಯೇ ಸಾಕ್ಷಿಯಾಯಿತು. ಇದನ್ನೇ ನೋಡಿ ಬರೆದದ್ದೆನ್ನಲಾದ ವೋಲ್ಫನ್‌ಬ್ಯೂಟಲ್ ಪ್ರತಿಯೂ ನೆರವಿಗಿತ್ತು. 1990ರ ದಶಕದಲ್ಲಿ ಹಾಳೆಗಳನ್ನು ದುರಸ್ತಿ ಮಾಡಲಾಯಿತು. 2002ರಲ್ಲಿ ಆಸ್ಟ್ರಿಯಾದ ಗ್ರಾತ್ಸ್‌ನ ಪ್ರಕಾಶನ ಸಂಸ್ಥೆ ಬಣ್ಣದ ಯಥಾಪ್ರತಿ ಹೊರತಂದಿತು. ನೀರಿನ ಕಲೆಗಳೂ ಈಗ ಚರಿತ್ರೆಯ ಭಾಗ.

ಡ್ರೆಸ್ಡೆನ್ ಇಂದು ಚಿಪ್ ಕಾರ್ಖಾನೆಗಳ ನಗರ. ನಿಮ್ಮ ಮಗನೋ ಮಗಳೋ ಅಲ್ಲಿದ್ದರೆ, ಹಸ್ತಪ್ರತಿ ಕಾಪಾಡಿರುವ ಸ್ಯಾಕ್ಸನಿ ರಾಜ್ಯ ಗ್ರಂಥಾಲಯದ ಬಗ್ಗೆ ಮುಂದಿನ ವಿಡಿಯೊ ಕಾಲ್‌ನಲ್ಲಿ ಕೇಳಿ. ಪುಟಗಳನ್ನು ಗ್ರಂಥಾಲಯದ ವೆಬ್‌ಸೈಟ್‌ನಲ್ಲಿ ಊರಿಂದಲೇ ನೋಡಬಹುದು, ಶುಲ್ಕವಿಲ್ಲ. ಹಾಗೆಯೇ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಓಲೆಗರಿಯೋ ಹಳೇ ಪತ್ರವೋ ಇದ್ದರೆ, ಮಳೆಗಾಲಕ್ಕೆ ಮೊದಲೇ ಒಂದು ಫೋಟೊ ತೆಗೆದಿಡಿ.