ಮರದ ಬುಡದ ನೀರನ್ನು ಅಳೆಯುವ ರಾಡಾರ್

ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ ಊರ ಕೆರೆ. ಈಗದು ಪಕ್ಷಿ ಸಂರಕ್ಷಣಾ ಮೀಸಲು. 2024ರ ಜನವರಿಯಲ್ಲಿ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ವಿಸ್ತೀರ್ಣ 98.76 ಹೆಕ್ಟೇರ್. ನೀರಲ್ಲೇ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೀರು ಇಳಿದರೆ ನಾಯಿ, ನರಿಗಳಿಗೆ ಮರದ ಬುಡದವರೆಗೂ ದಾರಿಯಾಗುತ್ತದೆ. ಇಲ್ಲಿ ಮೊಣಕಾಲುದ್ದದ ನೀರೂ ಲೆಕ್ಕಕ್ಕೆ ಬರುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನಲ್ಲಾದರೋ ಸಮೋನ್ನತ ರೇಖೆಗಳ ನಡುವಣ ಎತ್ತರ ಸಾಮಾನ್ಯವಾಗಿ 20 ಮೀಟರ್. ಬಯಲುಸೀಮೆಯ ಕೆರೆಯೊಂದು ತುಂಬಿ ಕೋಡಿ ಬಿದ್ದು ಬತ್ತಿದರೂ ಎರಡು ರೇಖೆಗಳ ನಡುವೆಯೇ ಅದರ ಕಥೆ ಮುಗಿದಿರುತ್ತದೆ.

ಉಪಗ್ರಹದ ಫೋಟೊ ಇದ್ದಮೇಲೆ ಮತ್ತೇನು ಅಳೆಯುವುದು ಎನ್ನುವವರಿದ್ದಾರೆ. ಇದು ಶುದ್ಧ ತಪ್ಪು. ಫೋಟೊದಲ್ಲಿ ಕಾಣುವುದು ಎಲೆಯ ಹಸಿರು. ಅದರಡಿ ನೀರಿದೆಯೋ ಒಣನೆಲವೋ ತಿಳಿಯದು. ಮೋಡ ಕವಿದರಂತೂ ಆ ಹಸಿರೂ ಇಲ್ಲ.

ಸೋಜಿಗವಿರುವುದು ರಾಡಾರಿನಲ್ಲಿ. ಸುಮಾರು 24 ಸೆಂಟಿಮೀಟರ್ ಉದ್ದದ ಅದರ ಅಲೆಗಳು ಮೋಡವನ್ನಷ್ಟೇ ಅಲ್ಲ, ಎಲೆಗಳನ್ನೂ ದಾಟುತ್ತವೆ. ಬಯಲ ನೀರಿಗೆ ಬಿದ್ದ ಅಲೆ ಆಚೆಗೆ ಜಾರಿಹೋಗುವುದರಿಂದ ಚಿತ್ರದಲ್ಲಿ ಆ ಭಾಗ ಕಪ್ಪು. ನೀರಲ್ಲಿ ಮರ ನಿಂತಿದ್ದರೆ ಮಾತ್ರ ಆಟವೇ ಬೇರೆ: ಗೋಡೆಯ ಮೂಲೆಗೆ ಎಸೆದ ಚೆಂಡು ಎರಡು ಪುಟಿತಕ್ಕೆ ಎಸೆದವನತ್ತಲೇ ಮರಳುವಂತೆ, ಅಲೆ ನೀರಿಗೊಮ್ಮೆ ಕಾಂಡಕ್ಕೊಮ್ಮೆ ಬಡಿದು ಉಪಗ್ರಹದತ್ತಲೇ ವಾಪಸಾಗುತ್ತದೆ. ನೀರು ನಿಂತ ಕಾಡು ಒಣಕಾಡಿಗಿಂತ ಬೆಳ್ಳಗೆ ಹೊಳೆಯುತ್ತದೆ! ಅಷ್ಟೇ ಅಲ್ಲ, ಬೇರೆ ಬೇರೆ ದಿನ ಮರಳಿದ ಅಲೆಗಳನ್ನು ತಾಳೆ ನೋಡಿದರೆ ನೀರಿನ ಮಟ್ಟ ಎಷ್ಟು ಸೆಂಟಿಮೀಟರ್ ಏರಿತು, ಇಳಿಯಿತು ಎಂಬುದೂ ಸಿಗುತ್ತದೆ. 1994ರಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಮೆಜಾನ್ ಬಯಲಲ್ಲಿ ಕಲೆಹಾಕಿದ ಮಾಹಿತಿಯಿಂದ ಇದು ಸಾಧ್ಯವೆಂದು 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು.

ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ನಿಸಾರ್ ಉಪಗ್ರಹದಲ್ಲಿರುವುದೂ ಇಂಥದೇ ಅಲೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಅದು 12 ದಿನಗಳಿಗೊಮ್ಮೆ ಅದೇ ಜಾಡಿಗೆ ಮರಳುತ್ತದೆ.

ಹಾಗೆಂದು ರಾಡಾರಿಗೆ ಕೆರೆಯ ತಳ ಕಾಣುವುದಿಲ್ಲ. ನೀರಿನ ಮೇಲ್ಮೈಯೇ ಅದರ ಗಡಿ. ತಳದ ಏರುತಗ್ಗು ಬೇಕೆಂದರೆ ನೀರು ತಗ್ಗಿದಾಗ ನೆಲಕ್ಕಿಳಿದು ಅಳೆಯಬೇಕು. ಈ ಒಣಸೀಮೆಗೆ ಬೇಸಿಗೆ ಒದಗಿಸುವ ಅವಕಾಶವದು. ಕೆರೆಯಂಗಳದ ಮಟ್ಟ ತೆಗೆಸಿ, ತೂಬಿನ ಪಕ್ಕ ಅಳತೆಯ ಕಂಬವೊಂದನ್ನು ನೆಡುವ ಕೆಲಸವನ್ನು ಅರಣ್ಯ ಇಲಾಖೆ ಇನ್ನು ಮುಂದೂಡಬಾರದು.