ಹಾಜರಿ ಪುಸ್ತಕದ ಹಿಂದಿನ ಪುಟ

ಧಾರಣೆ, ಕೊಳೆರೋಗ, ಕಾಂಡಕೊರಕಗಳ ನಡುವೆ ಶಾಲೆಯ ವಿಷಯವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೊಯ್ಲು ಇನ್ನೇನು ಆರಂಭವಾಗಲಿದೆ. ಲೈನು ಮನೆಗಳು ತುಂಬುವ ಕಾಲ. ಲೈನುಗಳು ತುಂಬಿದಷ್ಟೂ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ತರಗತಿಗಳು ಖಾಲಿಯಾಗುತ್ತಿದ್ದ ದಿನಗಳಿದ್ದವು. ಅದು ಎಷ್ಟು ಮಟ್ಟಿಗೆ ತಪ್ಪಿತು, ಅದರಲ್ಲಿ ಅಲ್ಲಿನ ಮುಖ್ಯೋಪಾಧ್ಯಾಯಿನಿಯವರ ಪಾಲೇನು, ನಮ್ಮ ತಪ್ಪೇನು ಎಂಬುದನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. ಬರುವ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾಗುವುದರಿಂದ ಇನ್ನು ತಡಮಾಡುವಂತಿಲ್ಲ. ಹೆಸರು ಹಾಕಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ಊರಿನವರೆಲ್ಲ ಕರೆಯುವಂತೆ ನಾವೂ ಮೇಡಂ ಎಂದೇ ಕರೆಯುತ್ತೇವೆ.

2012ರ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಮೇಡಂ ಸಂಘದ ಕಛೇರಿಗೆ ಬಂದರು. ಕಂಕುಳಲ್ಲಿ ಬಟ್ಟೆಯ ಚೀಲ. ಶಾಲಾ ವಾರ್ಷಿಕೋತ್ಸವಕ್ಕೆ ಚಂದಾ ಕೇಳಲು ಬಂದಿರಬೇಕೆಂದು ನಾವು ರಸೀದಿ ಪುಸ್ತಕ ಹುಡುಕತೊಡಗಿದೆವು. ಅವರು ಕೇಳಿದ್ದು ಹಣವನ್ನಲ್ಲ, ನಮ್ಮ ಅಡಿಕೆ ಆವಕದ ಪುಸ್ತಕವನ್ನು. ಚೀಲದಿಂದ ಶಾಲೆಯ ಹಾಜರಿ ಪುಸ್ತಕ ತೆಗೆದು ಅದರ ಪಕ್ಕದಲ್ಲಿಟ್ಟರು. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಸಂಘಕ್ಕೆ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತದಷ್ಟೆ. ನಮ್ಮಲ್ಲಿ ಆವಕ ಏರಿದ ದಿನದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ, ಅಲ್ಲಿ ಬೆರಳಿಟ್ಟು ತೋರಿಸಿದರು. ಆವಕ ಏರಿದ ಪ್ರತಿ ಸಲವೂ ಹತ್ತು ದಿನ ಮೊದಲು ಹಾಜರಿ ಬಿದ್ದಿತ್ತು. ಬಂದಿದ್ದ ಮಕ್ಕಳಲ್ಲೂ ಎಷ್ಟೋ ಮಂದಿ ಹತ್ತೂವರೆಗೆಲ್ಲ ತೂಕಡಿಸುತ್ತಿದ್ದರಂತೆ; ಉಗುರೆಲ್ಲ ಅಡಿಕೆ ಕಲೆಯಿಂದ ಕಪ್ಪು.

ನಮ್ಮ ಮೊದಲ ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ. "ತಾಯಂದಿರು ಜೊತೆಯಲ್ಲಿ ಕರೆತರುತ್ತಾರೆ ಮೇಡಂ, ಮಕ್ಕಳನ್ನು ನಾವು ಕರೆಯುವುದಿಲ್ಲ" ಎಂದೆವು. "ಸರಿ, ಆದರೆ ತೂಕ ಹಾಕುವವರು ನೀವಲ್ಲವೇ?" ಎಂದರು. ಅಷ್ಟೇ ಹೇಳಿ ಪುಸ್ತಕ ಮಡಚಿಕೊಂಡು ಹೋದರು.

ಆ ರಾತ್ರಿ ನಮ್ಮ ಅಂಗಳದಲ್ಲೇ ಸುಲಿತವಿತ್ತು. ಸಾಲಾಗಿ ಮೆಟ್ಟುಗತ್ತಿ, ಲೈಟಿನ ಕೆಳಗೆ ಹೆಂಗಸರು. ತಾಯಿಯ ಪಕ್ಕದಲ್ಲಿ ಐದನೆಯ ತರಗತಿಯ ಒಬ್ಬ ಹುಡುಗಿ ದೊಡ್ಡವರಿಗೆ ಸರಿಸಮನಾಗಿ ಸುಲಿಯುತ್ತಿದ್ದಳು. ಹನ್ನೊಂದು ಗಂಟೆ ಆಗಿತ್ತು. ಹಿಂದಿನ ವರ್ಷ ಅವಳ ಕೈಚಳಕವನ್ನು ನೆಂಟರೆದುರು ಹೊಗಳಿದ್ದವರು ನಾವೇ. ಅವಳು ಏಳನೆಯ ತರಗತಿ ಮುಗಿಸಲಿಲ್ಲ. ಈಗ ಪಕ್ಕದ ತೋಟಕ್ಕೆ ಕೊಯ್ಲಿಗೆ ಬರುತ್ತಾಳೆ. ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ. ನಮಗೆ ಏನು ಮಾತಾಡಿಸಬೇಕೆಂದು ತೋಚುವುದಿಲ್ಲ.

ಕಾನೂನಿನ ಮಾತು ಒಂದಿಷ್ಟು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷ ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮಗು ಶಾಲೆಯ ವೇಳೆ ಬಿಟ್ಟು ತನ್ನ ಮನೆಯವರ ಕೆಲಸಕ್ಕೆ ಕೈಜೋಡಿಸಲು ಇರುವ ವಿನಾಯಿತಿ ಇನ್ನೊಬ್ಬರ ಕಣಕ್ಕೆ ಅನ್ವಯಿಸದು. ಹೀಗಿರುತ್ತ "ಅಮ್ಮನ ಜೊತೆ ಸುಮ್ಮನೆ ಬಂದಿದೆ" ಎಂಬ ನಮ್ಮ ಸಮಾಧಾನಕ್ಕೆ ಬೆಲೆಯಿಲ್ಲ. ಇನ್ನೊಂದು ಮಾತು: 1951ರ ತೋಟ ಕಾರ್ಮಿಕರ ಕಾಯಿದೆಯು ಒಂದು ತೋಟದಲ್ಲಿ 6ರಿಂದ 12 ವರ್ಷದ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರೇ ವಿದ್ಯಾಭ್ಯಾಸದ ಸೌಕರ್ಯ ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ದೊಡ್ಡ ಎಸ್ಟೇಟುಗಳಿಗೆ ಸಂಬಂಧಿಸಿದ ಮಾತು ಅದು. ಮೂರು ನಾಲ್ಕು ಎಕರೆಯ ನಮ್ಮಂಥವರ ತೋಟಕ್ಕೆ ಬರುವ ಕುಟುಂಬಗಳ ಮಕ್ಕಳಿಗೆ ಊರ ಸರ್ಕಾರಿ ಶಾಲೆಯೊಂದೇ ದಿಕ್ಕು. ಆ ಶಾಲೆಯ ಮುಖ್ಯಸ್ಥರು ಎಂಥವರು ಎಂಬುದು ಆದ್ದರಿಂದಲೇ ಸಣ್ಣ ಸಂಗತಿಯಲ್ಲ.

ಬಡವರ ಮಕ್ಕಳ ಕಲಿಕೆ ಮನೆಯ ಸ್ಥಿತಿಗತಿಯಿಂದಲೇ ನಿರ್ಧಾರವಾಗುತ್ತದೆ, ಶಾಲೆಯಿಂದ ಹೆಚ್ಚೇನೂ ಆಗದು ಎಂಬ ಅಭಿಪ್ರಾಯ ಬಹಳ ಹಳೆಯದು. 1979ರಲ್ಲಿ ಲಂಡನ್ನಿನ ಮೈಕೇಲ್ ರಟ್ಟರ್ ಮತ್ತು ಸಂಗಡಿಗರು ಆ ನಗರದ 12 ಪ್ರೌಢಶಾಲೆಗಳನ್ನು ಹಲವು ವರ್ಷ ಗಮನಿಸಿ 'ಹದಿನೈದು ಸಾವಿರ ಗಂಟೆಗಳು' ಎಂಬ ಅರ್ಥದ ಹೆಸರಿನ ಗ್ರಂಥ ಪ್ರಕಟಿಸಿದರು. ಒಂದು ಮಗು ಶಾಲೆಯಲ್ಲಿ ಕಳೆಯುವ ಒಟ್ಟು ವೇಳೆ ಅಷ್ಟು. ಒಂದೇ ಬಗೆಯ ಮನೆಗಳಿಂದ ಬಂದ ಮಕ್ಕಳು ಒಂದು ಶಾಲೆಯಲ್ಲಿ ಮುಂದೆ ಬಂದು, ಇನ್ನೊಂದರಲ್ಲಿ ಹಿಂದೆ ಬೀಳುವುದನ್ನು ಅವರು ಕಂಡರು. ಕಟ್ಟಡ ಹೊಸದೋ ಹಳೆಯದೋ ಎಂಬುದಕ್ಕಿಂತ ಶಾಲೆ ದಿನದಿನವೂ ನಡೆಯುವ ರೀತಿಯೇ ಮುಖ್ಯವೆಂದು ಹೇಳಿದರು. ಇಷ್ಟು ದೂರದ ಪುಸ್ತಕವನ್ನು ಮೇಡಂ ಓದಿದ್ದಾರೆಂದು ನಾವು ಹೇಳುತ್ತಿಲ್ಲ. ಓದುವ ಅಗತ್ಯ ಅವರಿಗೆ ಬಿದ್ದಂತೆ ಕಾಣಲಿಲ್ಲ.

ಅವರ ಕ್ರಮ ಸರಳವಾದದ್ದು. ಹಾಜರಿ ಪುಸ್ತಕದ ಮುಂದಿನ ಪುಟದಲ್ಲಿ ಯಾರು ಬಂದಿಲ್ಲ ಎಂಬುದಿದ್ದರೆ, ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಏಕೆ ಬಂದಿಲ್ಲ ಎಂಬುದು ಇರುತ್ತದೆ. ಕಾರಣವನ್ನು ಅದೇ ಸಂಜೆ ತಿಳಿದುಕೊಳ್ಳಬೇಕು, ನಾಳೆಗಿಡಬಾರದು ಎಂಬುದು ಅವರ ನಿಯಮ. ಮೂರು ದಿನ ತಪ್ಪಿದ ಮಗುವನ್ನು ಕರೆತರುವುದು ಸುಲಭ, ಮೂರು ವಾರ ತಪ್ಪಿದ ಮಗುವಿಗೆ ನಾಚಿಕೆ ಹತ್ತಿಬಿಡುತ್ತದೆ ಎನ್ನುತ್ತಾರೆ. ಆ ಪುಟವನ್ನು ನಾವು ನೋಡಿದ್ದೇವೆ. "ತಮ್ಮನನ್ನು ನೋಡಿಕೊಳ್ಳಲು." "ಆನೆ ರಸ್ತೆಯಲ್ಲಿ." "ಅಪ್ಪ ಕುಡಿದು ಪುಸ್ತಕ ಒಲೆಗೆ ಹಾಕಿದ." "ಹಳ್ಳ ತುಂಬಿದೆ." "ಹಸಿವು." ಬೇರೆ ಬೇರೆ ಕಾರಣ, ಬೇರೆ ಬೇರೆ ಮದ್ದು. ಎಲ್ಲಕ್ಕೂ 'ಪೋಷಕರ ನಿರ್ಲಕ್ಷ್ಯ' ಎಂದು ಬರೆದು ಮೇಲಿನವರಿಗೆ ಕಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ತಮ್ಮನ ಸಂಗತಿಯನ್ನೇ ತೆಗೆದುಕೊಳ್ಳೋಣ. ಅಂಗನವಾಡಿಗೆ ಮೂರು ತುಂಬಿದ ಮಕ್ಕಳು ಹೋಗುತ್ತವೆ. ಅದಕ್ಕಿಂತ ಸಣ್ಣವನ್ನು ಕೊಯ್ಲಿನ ಕಾಲದಲ್ಲಿ ಅಕ್ಕಂದಿರೇ ಸೊಂಟದ ಮೇಲೆ ಹೊರಬೇಕು. ಮೇಡಂ ನಮ್ಮ ಪೈಕಿ ಮೂವರನ್ನು ಕೂಡಿಸಿ, ಒಂದು ಖಾಲಿ ಶೆಡ್ಡನ್ನು ಗುಡಿಸಿಸಿ, ಕೊಯ್ಲಿಗೆ ಹೋಗಲಾರದ ಒಬ್ಬ ಅಜ್ಜಿಯನ್ನು ಅಲ್ಲಿ ಕೂರಿಸಿದರು. ಅಜ್ಜಿಯ ಸಂಬಳ ಮೂವರೂ ಹಂಚಿಕೊಂಡದ್ದು. ಆ ಖರ್ಚು ಹೆಣ್ಣಾಳುಗಳ ಕೊಯ್ಲಿನಲ್ಲೇ ನಮಗೆ ಹಿಂತಿರುಗಿ ಬಂತು ಎಂಬುದನ್ನೂ ಮುಚ್ಚಿಡಬಾರದು. ಮಗುವಿನ ಚಿಂತೆಯಿಲ್ಲದ ತಾಯಿ ಹೆಚ್ಚು ಹಣ್ಣು ಕೊಯ್ಯುತ್ತಾಳೆ.

ಹಸಿವಿಗೆ ಸರ್ಕಾರದ ಆಧಾರವಿದೆ. ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ಮರುವರ್ಷ ಉಳಿದ ಕಡೆಗೂ ಬಂತು. 2013ರಿಂದ ಕ್ಷೀರಭಾಗ್ಯದ ಹಾಲು. ಯೋಜನೆ ಎಲ್ಲ ಶಾಲೆಗೂ ಒಂದೇ ಆದರೂ ನಡೆಸುವುದರಲ್ಲಿ ವ್ಯತ್ಯಾಸವಿದೆ. ರಾತ್ರಿ ಉಣ್ಣದೆ ಬಂದ ಮಗು ಲೆಕ್ಕದ ಪಾಠ ಮುಗಿಯುವವರೆಗೂ ಕಾಯುವಂತಾಗಬಾರದೆಂದು ಮೇಡಂ ಹಾಲನ್ನು ಪ್ರಾರ್ಥನೆಗೂ ಮೊದಲೇ ಕೊಡಿಸತೊಡಗಿದರು. ತಡವಾಗಿ ಬರುತ್ತಿದ್ದವರು ಸರಿಯಾದ ಹೊತ್ತಿಗೆ ಬರಲಾರಂಭಿಸಿದರು.

ಮಗು ಮರಳಿ ಬಂದ ಮೇಲೆ ಏನು? ಹಿಂದೆಲ್ಲ ಒಂದು ತಿಂಗಳು ತಪ್ಪಿಸಿಕೊಂಡು ಬಂದವನು ಪಾಠ ಎಲ್ಲಿಗೆ ಬಂದಿದೆಯೋ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದ. ಇದಕ್ಕೆ ನಲಿ-ಕಲಿ ಪದ್ಧತಿ ನೆರವಾಗಿದೆ. ಆಂಧ್ರದ ಮದನಪಲ್ಲಿ ಸಮೀಪದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಬೆಳೆದ ಈ ವಿಧಾನವನ್ನು ನಮ್ಮ ಉಪಾಧ್ಯಾಯರೇ ನೋಡಿಬಂದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಇದರಲ್ಲಿ ಪಾಠವೆಂಬುದು ಒಂದು ಏಣಿ. ಮೆಟ್ಟಿಲು ಮೆಟ್ಟಿಲಿಗೂ ಕಾರ್ಡುಗಳು. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಕಾಡಂಚಿನ ಹಾಡಿಗಳೂ, ಒಬ್ಬಿಬ್ಬರೇ ಉಪಾಧ್ಯಾಯರಿರುವ ಶಾಲೆಗಳೂ ಇರುವ ಆ ತಾಲ್ಲೂಕಿನಲ್ಲಿ ಇದು ಬೇರೂರಿದ್ದು ಆಕಸ್ಮಿಕವಲ್ಲ. ಹೊರಗಿನಿಂದ ನೋಡಿದರೆ ಆಟದ ಗದ್ದಲದಂತೆ ಕಾಣುವುದು ನಿಜ. ನಾವೂ ಒಮ್ಮೆ "ಮಗ್ಗಿ ಯಾವಾಗ ಹೇಳಿಸುತ್ತೀರಿ?" ಎಂದು ಕೇಳಿ ಮೇಡಂ ಕೈಯಲ್ಲಿ ಮಾತು ಕೇಳಿದ್ದೇವೆ. ಆದರೆ ಮೇಲಿನ ತರಗತಿಗಳಲ್ಲಿ ಈ ಏಣಿಯಿಲ್ಲ. ಅಲ್ಲಿಯೂ ಮೇಡಂ ಕೊಯ್ಲು ಮುಗಿದ ಮೇಲೆ ಸಂಜೆ ಒಂದು ಗಂಟೆ ಹಿಂದುಳಿದವರನ್ನು ಕೂರಿಸಿಕೊಳ್ಳುತ್ತಾರೆ, ಉಳಿದ ಉಪಾಧ್ಯಾಯರನ್ನೂ ಸರದಿಯಂತೆ ಕೂರಿಸುತ್ತಾರೆ. ತಾವು ಮೊದಲು ಕೂತು ಆಮೇಲೆ ಬೇರೆಯವರನ್ನು ಕೇಳಿದ್ದರಿಂದ ಯಾರೂ ಗೊಣಗಲಿಲ್ಲ.

ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಕುಟುಂಬಗಳು ಬರುತ್ತಿರುವುದು ಸದಸ್ಯರಿಗೆ ತಿಳಿದೇ ಇದೆ. ವರ್ಗಾವಣೆ ಪತ್ರವಿಲ್ಲ, ಕನ್ನಡವಿಲ್ಲ ಎಂದು ಈ ಮಕ್ಕಳನ್ನು ಬಾಗಿಲಿನಿಂದಲೇ ಕಳಿಸುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಂತೆ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸಕೂಡದು. ವರ್ಗಾವಣೆ ಪತ್ರ ತಡವಾಯಿತೆಂಬುದೂ ಕಾರಣವಾಗದು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಭಾಷೆಗೆ ಮೇಡಂ ಕಂಡುಕೊಂಡ ಉಪಾಯ ಸುಲಭದ್ದು: ಹಿಂದಿನ ವರ್ಷ ಬಂದು ಕನ್ನಡ ಕಲಿತ ಹುಡುಗಿಯೇ ಈ ವರ್ಷ ಬಂದವರ ಪಕ್ಕ ಕೂರುತ್ತಾಳೆ.

ಶಾಲಾಭಿವೃದ್ಧಿ ಸಮಿತಿಯ ವಿಷಯದಲ್ಲಿ ನಮಗೆ ತುಸು ನಾಚಿಕೆಯಿದೆ. ಅದೇ ಕಾಯಿದೆಯಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಬೆಳೆಗಾರರ ಮಕ್ಕಳು ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುವುದರಿಂದ ಸಮಿತಿಯಲ್ಲಿ ನಾವಾರೂ ಇಲ್ಲ, ಲೈನಿನ ತಾಯಂದಿರೇ ಇದ್ದಾರೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮೇಡಂ ಸಭೆಯನ್ನು ಬಟವಾಡೆಯ ಸಂಜೆಗೆ ಬದಲಾಯಿಸಿದರು. ಅಂದಿನಿಂದ ಸಹಿ ಹಾಕಿಸಿಕೊಳ್ಳಲು ಮನೆಮನೆ ಅಲೆಯುವುದು ತಪ್ಪಿತು.

ಎಂಟನೆಯ ತರಗತಿಗೆ ಪ್ರೌಢಶಾಲೆಗೆ ಹೋಗಬೇಕು. ಮಕ್ಕಳು ಕೈಬಿಟ್ಟು ಹೋಗುವುದು ಹೆಚ್ಚಾಗಿ ಅಲ್ಲಿಯೇ. ತಮ್ಮ ಶಾಲೆಯಿಂದ ಹೋದ ಮಕ್ಕಳನ್ನೂ ಮೇಡಂ ಬಿಡುವುದಿಲ್ಲ. ಐದನೆಯವರಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ, ಏಳು ಮುಗಿಸಿದವರಿಗೆ ವಿದ್ಯಾರ್ಥಿನಿಲಯದ ಅರ್ಜಿ, ನಾಡಕಛೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವನ್ನೆಲ್ಲ ಜೂನ್ ತಿಂಗಳಲ್ಲೇ ಪಟ್ಟಿ ಮಾಡುತ್ತಾರೆ. ಎಂಟನೆಯ ತರಗತಿಯವರು ಬರೆಯುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಯೊಂದಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮೀಸಲು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ಲೈನಿನ ಒಬ್ಬ ಹುಡುಗನಿಗೆ ಅದು ದೊರೆತಾಗ ಅವನ ತಂದೆ ಎರಡು ಸಲ ಬಂದು "ಹಿಂತಿರುಗಿ ಕೇಳುವುದಿಲ್ಲವಲ್ಲ ಸ್ವಾಮಿ?" ಎಂದು ವಿಚಾರಿಸಿದ.

2013ರ ವಾರ್ಷಿಕ ಮಹಾಸಭೆಯಲ್ಲಿ, ಸದಸ್ಯರ ಅಂಗಳದಲ್ಲಿ ಮಕ್ಕಳನ್ನು ಸುಲಿತಕ್ಕೆ ಕೂರಿಸಬಾರದು, ತಾಯಿಯ ತೂಕಕ್ಕೆ ಮಗುವಿನ ಚೀಲ ಸೇರಿಸಬಾರದು ಎಂಬ ನಿರ್ಣಯ ಮಂಡಿಸಿದೆವು. ಜಗಳವಾಯಿತು. "ಎಲ್ಲರೂ ಓದಿದರೆ ನಾಳೆ ಹಣ್ಣು ಕೊಯ್ಯುವವರು ಯಾರು?" ಎಂದು ಹಿರಿಯ ಸದಸ್ಯರೊಬ್ಬರು ಎದ್ದು ಕೇಳಿದರು. ನಗುವಂಥ ಪ್ರಶ್ನೆಯಲ್ಲ ಅದು. ಆಳಿನ ಅಭಾವ ನಮ್ಮೆಲ್ಲರ ನಿದ್ದೆ ಕೆಡಿಸಿದೆ. ಆದರೆ ಓದದೇ ಉಳಿದವರೂ ತೋಟದಲ್ಲಿ ನಿಲ್ಲಲಿಲ್ಲ, ಬೆಂಗಳೂರಿನ ಕಟ್ಟಡಗಳಿಗೆ ಹೋದರು. ನಿರ್ಣಯ ಅಲ್ಪ ಬಹುಮತದಿಂದ ಪಾಸಾಯಿತು. ಎಲ್ಲರೂ ಪಾಲಿಸಿದರೆಂದು ಹೇಳಲಾರೆವು. ಆಮೇಲೆ ಅಡಿಕೆ ಸುಲಿಯುವ ಯಂತ್ರ ಬಂದು ಅರ್ಧ ಕೆಲಸ ತಾನಾಗಿಯೇ ಆಯಿತು. ಕಾಫಿ ಕೊಯ್ಲಿಗೆ ಅಂಥ ಯಂತ್ರ ನಮ್ಮ ಇಳಿಜಾರಿಗೆ ಬಂದಿಲ್ಲ, ಆದ್ದರಿಂದ ಡಿಸೆಂಬರ್, ಜನವರಿಯ ಚಿಂತೆ ಇನ್ನೂ ಇದೆ.

ಮೇಡಂ ಕೈಯಿಂದ ಜಾರಿದವರೂ ಇದ್ದಾರೆ. 2020ರಲ್ಲಿ ಕೋವಿಡಿನಿಂದ ಶಾಲೆ ಮುಚ್ಚಿದಾಗ ಅವರು ವಿದ್ಯಾಗಮದ ತರಗತಿಗಳನ್ನು ನಮ್ಮ ಕಾಫಿ ಕಣದಲ್ಲಿ ನಡೆಸಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಮತ್ತೆ ಬಾಗಿಲು ತೆರೆದಾಗ ನಾಲ್ವರು ಹುಡುಗರು ಬರಲೇ ಇಲ್ಲ. ಹಿಂದಿನ ಪುಟದಲ್ಲಿ ಆ ನಾಲ್ಕು ಹೆಸರುಗಳನ್ನು ಅವರು ಈಗಲೂ ಅಳಿಸಿಲ್ಲ.

ಹೊಸದಾಗಿ ಬರುವ ಮುಖ್ಯೋಪಾಧ್ಯಾಯರು ಯಾರೋ, ಎಂಥವರೋ ತಿಳಿಯದು. ಹೋಗುವ ಮೊದಲು ಮೇಡಂ ನಮ್ಮನ್ನು ಕೇಳಿರುವುದು ಒಂದೇ: ಕೊಯ್ಲಿಗೆ ಹೊಸ ಕುಟುಂಬ ಬಂದ ವಾರದೊಳಗೆ ಮಕ್ಕಳ ಹೆಸರು ಶಾಲೆಗೆ ಮುಟ್ಟಬೇಕು. ಈ ಸಂಚಿಕೆಯ ಜೊತೆ ಒಂದು ಹಳದಿ ಚೀಟಿ ಇಟ್ಟಿದ್ದೇವೆ. ಕುಟುಂಬ ಯಾವ ಲೈನಿನಲ್ಲಿದೆ, ಮಕ್ಕಳೆಷ್ಟು, ವಯಸ್ಸೆಷ್ಟು, ಯಾವ ಮಾತು ಆಡುತ್ತವೆ, ಇಷ್ಟು ಬರೆದರೆ ಸಾಕು. ಸಂಘದ ಕಛೇರಿಯಲ್ಲಿ ತೂಕದ ಮೇಜಿನ ಪಕ್ಕ ಒಂದು ಪೆಟ್ಟಿಗೆಯಿದೆ, ಸರಕು ತರುವಾಗ ಅದರಲ್ಲಿ ಹಾಕಿ. ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಗುಮಾಸ್ತರು ಅದನ್ನು ತೆಗೆದು ಶಾಲೆಗೆ ಮುಟ್ಟಿಸುತ್ತಾರೆ.